ಕರುಗಳ ಉಪ್ಪುಗುಂಡಿ

ಮನೆಯಿಂದ ಹೊರಟು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಒಮ್ಮೆಯಾದರೂ ಹಿಂದಿರುಗಿ ಬಂದು ಒಲೆ ನೋಡದಿದ್ದರೆ ನನಗೆ ಆ ದಿನ ಸರಿಹೋಗುವುದಿಲ್ಲ. ಬೆಂಕಿ ಆರಿಸಿರುತ್ತೇನೆ, ನೀರು ಚಿಮುಕಿಸಿರುತ್ತೇನೆ, ಬೂದಿಯನ್ನು ಕೈಯಿಂದ ಮುಟ್ಟಿಯೂ ನೋಡಿರುತ್ತೇನೆ. ಆದರೂ ಬರುತ್ತೇನೆ. ನಮ್ಮ ಯಜಮಾನರು ಈಗೀಗ ತಿರುವಿನ ಕಲ್ಲಿನ ಮೇಲೆ ಕೊಡೆ ಊರಿಕೊಂಡು ಕೂತೇ ಬಿಡುತ್ತಾರೆ. ನಾನು ಏದುಸಿರು ಬಿಡುತ್ತ ಬಂದರೆ "ಒಲೆ ಕ್ಷೇಮವೋ?" ಎಂದು ವಿಚಾರಿಸುತ್ತಾರೆ. ಅಷ್ಟರಲ್ಲಿ ಊಟಿಯ ಮೋಟಾರು ಬಸ್ಸು ಹೋಗಿರುತ್ತದೆ.

ಈ ಗುಣ ಹುಟ್ಟಿನಿಂದ ಬಂದದ್ದೆಂದು ಅವ್ವೆ ಹೇಳುತ್ತಿದ್ದಳು. ನನಗೆ ಹಾಗೆನಿಸುವುದಿಲ್ಲ. ಹುಟ್ಟಿದಾಗ ಏನು ಚಿಂತೆ ಮಾಡಿದೆನೋ ನೆನಪಿಲ್ಲ. ಆದರೆ ನಾನು ಕಸುಬು ಕಲಿತವಳಂತೆ ಚಿಂತೆ ಮಾಡಲು ಶುರುಮಾಡಿದ ಸಂಜೆ ಚೆನ್ನಾಗಿ ನೆನಪಿದೆ. ಆ ಸಂಜೆ ನಮ್ಮ ಎಮ್ಮೆದೊಡ್ಡಿಯಲ್ಲಿ ಒಂದು ಕರು ಹೆಚ್ಚಾಗಿತ್ತು.

ನಮ್ಮದು ಸೋಲೂರಿನ ಕಡೆಯ ಒಂದು ಹಟ್ಟಿ. ಗೋಡೆಗೆ ಗೋಡೆ ಹಂಚಿಕೊಂಡ ಸಾಲುಮನೆಗಳು, ಮುಂದೆ ಹುಲ್ಲುಬಯಲು, ಬಯಲಿನ ಕೆಳಗೆ ಹಳ್ಳ, ಹಳ್ಳದಾಚೆ ಶೋಲೆಕಾಡು. ಈಗ ಅಲ್ಲೆಲ್ಲ ಟೀ ಗಿಡ ಹತ್ತಿಕೊಂಡು ಬರುತ್ತಿದೆ. ನನಗೆ ಎಂಟು ವರ್ಷವಾಗಿದ್ದಾಗ ಇದ್ದದ್ದು ಆಲೂಗಡ್ಡೆ, ಸಾಮೆ, ಮತ್ತು ಎಮ್ಮೆ. ಮುಖ್ಯವಾಗಿ ಎಮ್ಮೆ. ನಮ್ಮ ಮನೆಯ ಎಮ್ಮೆಗಳನ್ನು ನೋಡಿಕೊಳ್ಳುತ್ತಿದ್ದವನು ಅಪ್ಪನ ಅಪ್ಪ. ಅವನನ್ನು ನಾವು ಹೆತ್ತಪ್ಪ ಎನ್ನುತ್ತಿದ್ದೆವು. ಹಾಲು ಕರೆಯುವುದು ಗಂಡಸರ ಕೆಲಸ. ಹೊಣೆ ಎಂಬ ಬಿದಿರಿನ ಪಾತ್ರೆಯಲ್ಲಿ ಕರೆದ ಹಾಲನ್ನು ಒಳಗಿನ ಹಾಲುಕೋಣೆಗೆ ಒಯ್ಯುವುದೂ ಅವರೇ. ಹೆಂಗಸರು ಆ ಕೋಣೆಯ ಹೊಸಿಲು ದಾಟುವಂತಿರಲಿಲ್ಲ. ಅವ್ವೆ ಮನೆಯನ್ನೆಲ್ಲ ಆಳುತ್ತಿದ್ದಳು, ಅಪ್ಪನನ್ನೂ ಆಳುತ್ತಿದ್ದಳು. ಮಜ್ಜಿಗೆ ಬೇಕಾದರೆ ಮಾತ್ರ ಆ ಹೊಸಿಲಿನ ಹೊರಗೆ ನಿಂತು ಕೇಳಬೇಕಾಗಿತ್ತು.

ಆ ಮಳೆಗಾಲದ ಸಂಜೆ ಹೆತ್ತಪ್ಪ ಎಮ್ಮೆಗಳನ್ನು ದೊಡ್ಡಿಗೆ ಹೊಗಿಸಿ ಎಣಿಸಿದ. ಮತ್ತೆ ಎಣಿಸಿದ. ಕಂಬಳಿಯ ಮುಸುಕು ಸರಿಸಿ ಮೂರನೇ ಸಲ ಎಣಿಸಿದ. ನಮ್ಮ ಮಾತನ್ನು ಪುಸ್ತಕದ ಕನ್ನಡದ ಕಡೆಗೆ ಒಂದು ಹೆಜ್ಜೆ ಎಳೆದೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಓದುವವರು ಅರ್ಧದಲ್ಲೇ ಎದ್ದು ಹೋದಾರೆಂದು ಹೆದರಿಕೆ.

"ಎನಗ ವಯಸ್ಸಾತು ಕೂಸೇ. ಕರು ಒಂದು ಜಾಸ್ತಿ ಬರುತ್ತ."

"ಜಾಸ್ತಿ ಬಂದರೆ ಒಳ್ಳೇದಲ್ಲವಾ ಹೆತ್ತಪ್ಪ?"

"ಕಮ್ಮಿ ಆದರೆ ಹುಲಿ ಅಂತ ಗೊತ್ತು. ಜಾಸ್ತಿ ಆದರೆ ಏನ ಅಂತ ತಿಳಿಯುವದು?"

ನಾನು ಬೇಲಿಯ ಸಂದಿಯಿಂದ ನುಸುಳಿ ಒಳಗೆ ಹೋದೆ. ಕರುಗಳು ಮಳೆಗೆ ಒತ್ತಿಕೊಂಡು ನಿಂತಿದ್ದವು. ಎರಡು ಎಮ್ಮೆಗರುಗಳ ನಡುವೆ, ಅವುಗಳ ಹೊಟ್ಟೆಯ ಬಿಸಿಗೆ ಆತುಕೊಂಡು, ತನ್ನ ಮುಖಕ್ಕಿಂತ ದೊಡ್ಡದಾದ ಕಿವಿಗಳನ್ನು ಹೊತ್ತು ಒಂದು ಕಡವೆಮರಿ ನಿಂತಿತ್ತು. ಕಾಲು ನಡುಗುತ್ತಿತ್ತು. ನನ್ನನ್ನು ನೋಡಿ ಓಡಬೇಕೆಂದು ಅದಕ್ಕೂ ಹೊಳೆಯಲಿಲ್ಲ, ಕೂಗಬೇಕೆಂದು ನನಗೂ ಹೊಳೆಯಲಿಲ್ಲ.

ಹಿಂದಿನ ದಿನ ಹಳ್ಳದಾಚೆ ಸೀಳುನಾಯಿಗಳು ಒಂದು ತಾಯಿಕಡವೆಯನ್ನು ಮುರಿದದ್ದನ್ನು ಹೆತ್ತಪ್ಪ ನೋಡಿದ್ದ. ಮರಿ ಎಲ್ಲೋ ಅಡಗಿದ್ದು, ಮರುದಿನ ಎಮ್ಮೆಗಳ ಕಾಲುಗಳ ನಡುವೆ ಸೇರಿಕೊಂಡು ಬಂದುಬಿಟ್ಟಿತ್ತು. ಹಟ್ಟಿಯಲ್ಲಿ ಕಡವೆ ಎಂದರೆ ಯಾರಿಗೂ ಪ್ರೀತಿಯಿಲ್ಲ. ಸಾಮೆ ಮೇಯುವುದು, ಆಲೂಗಡ್ಡೆ ಗಿಡ ತುಳಿಯುವುದು ಅದರ ಕೆಲಸ. ಆದರೆ ಮರಿ ತಾನಾಗಿ ದೊಡ್ಡಿಗೆ ಬಂದಿತ್ತು, ಹೆತ್ತಪ್ಪ ಅದನ್ನು ಎಣಿಸಿಯೂ ಬಿಟ್ಟಿದ್ದ.

ಅದಕ್ಕೆ ಹಾಲು ಬೇಕಾಗಿತ್ತು. ಎಮ್ಮೆಗಳು ಹತ್ತಿರ ಬಿಡಲಿಲ್ಲ, ಒದ್ದವು. ನಾನು ಹಾಲುಕೋಣೆಯ ಹೊಸಿಲಿನ ಹೊರಗೆ ನಿಂತು ಅಳುತ್ತಿದ್ದೆ. ಹೆತ್ತಪ್ಪ ಒಳಗಿನಿಂದ ಸೋರೆಬುರುಡೆಯಲ್ಲಿ ಹಾಲು ತಂದು ನನ್ನ ಕೈಗಿಟ್ಟ. ಅವ್ವೆ ಬೆಚ್ಚಿಬಿದ್ದಳು.

"ಹಾಲುಕೋಣೆಯ ಹಾಲು ಕಾಡುಮೃಗಕ್ಕಾ?"

"ಕರುಗ ಹಾಲು ಕೊಡಬಾರದು ಅಂತ ಯಾವ ಹಿರಿಯ ಹೇಳಿದ?"

"ಅದು ಕರುವಲ್ಲ, ಕಡವೆ."

"ದೊಡ್ಡಿಯಲ್ಲಿ ಎಣಿಸಿದೆ. ಎಣಿಕೆಗ ಬಂತು. ಕರುವೇ."

"ನಾಳೆ ಹುಲಿ ಬಂದು ದೊಡ್ಡಿಯಲ್ಲಿ ಮಲಗಿದರೆ ಅದನ್ನೂ ಎಣಿಸು, ನಾ ಮಜ್ಜಿಗೆ ಕಾಯಿಸಿ ಕೊಡುವೆ," ಎಂದು ಅವ್ವೆ ಸೆರಗು ಕೊಡವಿ ಒಳಗೆ ಹೋದಳು. ಅಷ್ಟಕ್ಕೆ ಅದು ಮುಗಿಯಿತು. ಹೆತ್ತಪ್ಪ ನಿಯಮವನ್ನು ಮುರಿಯುತ್ತಿರಲಿಲ್ಲ; ಅದರ ಪಕ್ಕದಲ್ಲಿ ಜಾಗ ಹುಡುಕಿ ಕೂರುತ್ತಿದ್ದ.

ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು. ಕುಡಿಯಿತೇ, ಕಡಿಮೆ ಕುಡಿಯಿತೇ, ಹೆಚ್ಚು ಕುಡಿಯಿತೇ? ಮಲಗಿದೆಯಲ್ಲ, ಉಸಿರಾಡುತ್ತಿದೆಯೇ? ದಿನಕ್ಕೆ ಹತ್ತು ಸಲ ದೊಡ್ಡಿಗೆ ಹೋಗಿ ಅದರ ಪಕ್ಕೆಗೆ ಕಿವಿಯಿಡುತ್ತಿದ್ದೆ. ಒಮ್ಮೆ ಒಳಗೆ ಗುಡುಗುಡು ಸದ್ದು ಕೇಳಿ, ಹೊಟ್ಟೆಯೊಳಗೆ ಏನೋ ಮುರಿದಿದೆಯೆಂದು ಹೆತ್ತಪ್ಪನನ್ನು ಎಳೆದುಕೊಂಡು ಬಂದೆ. ಅದು ಮೆಲುಕು ಹಾಕುತ್ತಿತ್ತು. ಹುಲ್ಲು ಬೆಳ್ಳಗೆ ಸುಡುವ ಹಿಮದ ತಿಂಗಳುಗಳು ಬಂದಾಗ ನನ್ನ ಹೊದಿಕೆಯನ್ನೇ ಕದ್ದೊಯ್ದು ಅದಕ್ಕೆ ಹೊದಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಹೊದಿಕೆಯ ಕೆಂಪು ಅಂಚನ್ನು ಪೂರ್ತಿ ತಿಂದಿತ್ತು. ನನಗೆ ಹೊದಿಕೆ ಹೋದದ್ದಕ್ಕಲ್ಲ, ಕೆಂಪು ಬಣ್ಣ ಅದಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ಅಳು. ಅವ್ವೆಯ ಪೆಟ್ಟು ಬಿದ್ದದ್ದು ಹೊದಿಕೆ ಹಾಳಾದದ್ದಕ್ಕೆ. ಹೀಗೆ ಒಂದೇ ಬೆಳಿಗ್ಗೆ ಎರಡು ಕಾರಣಕ್ಕೆ ಅತ್ತೆ.

ಅದಕ್ಕೆ ಹೆಸರಿಡಲಿಲ್ಲ. ಹೆಸರಿಟ್ಟರೆ ಯಾರಾದರೂ ಕೂಗಿಯಾರು, ಕೂಗಿದರೆ ದೃಷ್ಟಿ ತಗುಲೀತು ಎಂದು ನಾನೇ ಬೇಡವೆಂದಿದ್ದೆ.

ಹಿಮ ಮುಗಿದು ಹುಲ್ಲು ಮತ್ತೆ ಚಿಗುರುವಾಗ ನಮ್ಮಲ್ಲಿ ಎಮ್ಮೆದನಗಳಿಗೆ ಉಪ್ಪುನೀರು ಕುಡಿಸುವ ಹಬ್ಬ. ಗಂಡಸರು ಉಪವಾಸವಿದ್ದು, ಮನೆಮನೆಯ ಉಪ್ಪು ಹೊತ್ತು ಹಳ್ಳದ ದಂಡೆಗೆ ಇಳಿಯುತ್ತಾರೆ. ಅಲ್ಲಿ ಸಾಲಾಗಿ ಗುಂಡಿ ತೋಡಿ, ಜೇಡಿಮಣ್ಣು ಮೆತ್ತಿ, ನೀರು ತುಂಬಿ ಉಪ್ಪು ಕರಗಿಸುತ್ತಾರೆ. ಆ ದಿನ ಹೆಂಗಸರು ಅತ್ತ ಹೋಗುವಂತಿಲ್ಲ. ನಾನು ಮೇಲಿನ ದಿಬ್ಬದಲ್ಲಿ ಹೊಟ್ಟೆಯ ಮೇಲೆ ಮಲಗಿ ನೋಡುತ್ತಿದ್ದೆ. ದೊಡ್ಡ ಗುಂಡಿಗಳಿಗೆ ಹಿರಿಯ ಎಮ್ಮೆಗಳು ನುಗ್ಗುತ್ತವೆ. ಕರುಗಳನ್ನು ಕೊಂಬಿನಿಂದ ತಳ್ಳಿಬಿಡುತ್ತವೆ. ಅದಕ್ಕೇ ಕೊನೆಯಲ್ಲಿ, ಒಂದು ಬಂಡೆಯ ಮರೆಯಲ್ಲಿ, ಕರುಗಳಿಗೆಂದೇ ತಟ್ಟೆಯಷ್ಟು ಆಳದ ಒಂದು ಸಣ್ಣ ಗುಂಡಿ. ನನ್ನ ಕಡವೆಮರಿ ಕರುಗಳ ಜೊತೆ ಅಲ್ಲಿಗೆ ಹೋಗಿ, ಸರದಿಗೆ ಕಾದು, ಮುಂಗಾಲು ಅಗಲಿಸಿ ಕುಡಿಯಿತು. ತಲೆಯೆತ್ತಿದಾಗ ಮೂಗಿನ ತುದಿಯಲ್ಲಿ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಅಷ್ಟು ದೂರದಿಂದ ತೊಟ್ಟು ಕಂಡಿರಲು ಸಾಧ್ಯವಿಲ್ಲ. ಆದರೆ ನನಗೆ ಕಂಡದ್ದು ಹಾಗೆ.

ಗುಂಡಿಯಲ್ಲಿ ಉಳಿದ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ. "ಉಳಿದದ್ದು ಕಾಡುಗ," ಎನ್ನುತ್ತಿದ್ದ ಹೆತ್ತಪ್ಪ. ಸಂಜೆ ಜನ ಎಮ್ಮೆ ಎಲ್ಲ ಮನೆ ಸೇರಿದ ಮೇಲೆ ಕಾಡಿನ ಕಡವೆಗಳು ಬಂದು ಆ ನೀರು ಕುಡಿದು ಹೋಗುತ್ತಿದ್ದವು.

ಮರಿ ಬೆಳೆಯಿತು. ದೊಡ್ಡಿಯ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲವಾಯಿತು. ಪಕ್ಕದ ಮನೆಯ ಮಾಮಿಯ ಆಲೂಗಡ್ಡೆ ಹೊಲದಲ್ಲಿ ಒಂದು ಬೆಳಿಗ್ಗೆ ಎರಡು ಸಾಲು ಗಿಡ ನೆಲಸಮವಾಗಿದ್ದವು. ಮಾಮಿ ಅಂಗಳದಲ್ಲಿ ನಿಂತು, ಹಟ್ಟಿಯ ಕೊನೆಯ ಮನೆಗೂ ಕೇಳುವ ಹಾಗೆ, ನನ್ನೊಡನೆ ಮಾತ್ರ ಮಾತಾಡಿದಳು.

"ನಿನ್ನ ಮಗಳು ನನ್ನ ಹೊಲಕ್ಕೆ ಬಂದಿದ್ದಳು ಕೂಸೇ."

"ಅದಲ್ಲ ಮಾಮಿ. ಅದು ದೊಡ್ಡಿಯಲ್ಲೇ ಇತ್ತು. ನಾ ಮೂರು ಸಲ ನೋಡಿದೆ."

"ನಾಲ್ಕನೇ ಸಲ ನೋಡಬೇಕಿತ್ತು."

ಈ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದರೆ ಇವತ್ತಿಗೂ ಯಾವುದನ್ನೂ ಮೂರು ಸಲ ನೋಡಿ ನಿಲ್ಲಿಸಲು ನನ್ನಿಂದ ಆಗುವುದಿಲ್ಲ.

ಮುಂದಿನ ಚಳಿಗಾಲದ ಮೊದಲಲ್ಲೇ ಗುಡ್ಡಗಳಾಚೆ ತುಪಾಕಿಯ ಸದ್ದು ಶುರುವಾಯಿತು. ಊಟಿಯ ಬಿಳಿಯ ದೊರೆಗಳು ಬೇಟೆಗೆ ಬರುವ ಕಾಲ. ಅವರಿಗೆ ಕಾಡು ತೋರಿಸುವ ಒಬ್ಬ ಜಾಡುಗಾರ ಇದ್ದ. ಹುಲ್ಲು ಮಡಚಿದ್ದನ್ನು ನೋಡಿಯೇ ಯಾವ ಪ್ರಾಣಿ, ಎತ್ತ ಹೋಯಿತು ಎಂದು ಹೇಳುತ್ತಿದ್ದ. ದಾರಿಯಲ್ಲಿ ನಮ್ಮ ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುವುದು ಅವನ ವಾಡಿಕೆ. ಕೆಟ್ಟವನೇನಲ್ಲ. ನನಗೆ ಒಮ್ಮೆ ಮುಳ್ಳುಹಂದಿಯ ಮುಳ್ಳು ತಂದುಕೊಟ್ಟಿದ್ದ. ಆ ದಿನ ಅಂಗಳದಲ್ಲಿ ನನ್ನ ಕೈ ನೆಕ್ಕುತ್ತಿದ್ದ ಕಡವೆಯನ್ನು ನೋಡಿ ಅವನು ಲೋಟ ಕೆಳಗಿಟ್ಟ.

"ಇದು ಹೊರಗೆ ತಿರುಗುತ್ತಾ?"

"ತಿರುಗುತ್ತ," ಎಂದ ಹೆತ್ತಪ್ಪ.

"ಒಂದು ಗಂಟೆ ಕಟ್ಟಿ ಬಿಡು ದೊಡ್ಡವರೇ. ಗಂಟೆ ಕೇಳಿದರೆ ದೊರೆ ತುಪಾಕಿ ಇಳಿಸುತ್ತ. ಹಟ್ಟಿಯದು ಅಂತ ನಾ ಹೇಳುವೆ. ಗಂಟೆ ಇಲ್ಲೆ ಅಂದರೆ ಎನ್ನ ಕೈಲಿ ಏನೂ ಇಲ್ಲೆ."

ನಾನು ಆ ಸಂಜೆಯೇ ಗಂಟೆಗಾಗಿ ಹಟ ಹಿಡಿದೆ. ನಮ್ಮಲ್ಲಿ ಇದ್ದದ್ದು ಒಂದೇ ಗಂಟೆ. ಮಂದೆಯ ಮುಂದಾಳು ಎಮ್ಮೆಗೆ ಮಾತ್ರ ಕಟ್ಟುವಂಥದ್ದು. ಆ ಎಮ್ಮೆ ಸತ್ತ ಮೇಲೆ ಅದರ ಮಗಳು ಬೆಳೆಯುವ ತನಕ ದೊಡ್ಡಿಯ ಕಂಬದಲ್ಲಿ ತೂಗುತ್ತಿತ್ತು. ಅದನ್ನು ಬೇರೆ ಯಾವುದಕ್ಕೂ ಕಟ್ಟುವ ಪದ್ಧತಿಯಿಲ್ಲ. ಹೆತ್ತಪ್ಪ ಎರಡು ದಿನ ಆ ಕಂಬದ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ದಿನ ನಾನು ಊಟ ಬಿಟ್ಟೆ. ಅವನು ಕಂಬದಿಂದ ಗಂಟೆ ಬಿಚ್ಚಿ, ಹೊಸ ಹುರಿ ಹೊಸೆದು ಕೊಟ್ಟ. "ತಪ್ಪಾಗುತ್ತ," ಎಂದಷ್ಟೇ ಹೇಳಿದ. ಪದ್ಧತಿ ತಪ್ಪುತ್ತದೆಂದು ಹೇಳುತ್ತಿದ್ದಾನೆ ಎಂದುಕೊಂಡೆ.

ಗಂಟೆ ಕಟ್ಟಿದ ಮೇಲಿನ ಕೆಲವು ತಿಂಗಳು ನನ್ನ ಬಾಲ್ಯದಲ್ಲೇ ಸುಖದ ಕಾಲ. ಒಳಗೆ ಕೂತು ಸಾಮೆ ಕೇರುತ್ತಿದ್ದರೂ ಅದು ಎಲ್ಲಿದೆಯೆಂದು ಗೊತ್ತಾಗುತ್ತಿತ್ತು. ಟಣ್, ಹಳ್ಳದಲ್ಲಿದೆ. ಟಣ್ ಟಣ್, ಮಾಮಿಯ ಬೇಲಿ ಹಾರಿತು. ಮಾಮಿಯ ಬಾಯಿ ಅದರ ಬೆನ್ನಿಗೇ ಕೇಳುತ್ತಿತ್ತು. ಈಗ ಯಾರ ಹೊಲದಲ್ಲಿ ಯಾವ ಪ್ರಾಣಿ ಮೇಯ್ದರೂ "ಗಂಟೆ ಕೇಳಿತು" ಎನ್ನುವವರು ಇಬ್ಬರಾದರೂ ಸಿಗುತ್ತಿದ್ದರು. ನಾನು ಎಲ್ಲರ ಮನೆಗೂ ಹೋಗಿ ತಲೆತಗ್ಗಿಸಿ ನಿಂತು ಬರುತ್ತಿದ್ದೆ. ಇರಲಿ, ಜೀವಕ್ಕೆ ಭಯವಿಲ್ಲವಲ್ಲ.

ಆದರೆ ಅದು ಸಂಜೆಯಾದರೆ ಮೇಯುವುದನ್ನು ಬಿಟ್ಟು ಹಳ್ಳದಾಚೆಗೆ ಮುಖಮಾಡಿ ನಿಲ್ಲತೊಡಗಿತು. ಕಾಡಿನಿಂದ ಕಡವೆಯ ಕೂಗು ಬಂದರೆ ಕಿವಿಗಳೆರಡೂ ಅತ್ತ ತಿರುಗುತ್ತಿದ್ದವು. ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂಟಿಯಾಗಿ ಹಿಂದಿರುಗುತ್ತಿತ್ತು. ಹುರಿ ಉಜ್ಜಿ ಕೊರಳಲ್ಲಿ ಕೂದಲು ಉದುರಿತ್ತು. ನನ್ನ ಕೈಯಿಂದ ತಿನ್ನುವುದನ್ನೂ ಕಡಿಮೆ ಮಾಡಿತು. ಹೊಟ್ಟೆಯ ತೊಂದರೆಯೆಂದು ನಾನು ಓಮದ ಕಷಾಯದ ತನಕ ಯೋಚಿಸಿದೆ.

ಎರಡನೇ ಉಪ್ಪಿನ ಹಬ್ಬ ಬಂತು. ಎಮ್ಮೆಗಳ ಸರದಿ ಮುಗಿದು, ಗಂಡಸರು ಮನೆಗೆ ಬಂದ ಮೇಲೆ ಹೆತ್ತಪ್ಪ ನನ್ನನ್ನು ದಿಬ್ಬಕ್ಕೆ ಕರೆದ. "ಬಾ, ತೋರಿಸುವದು ಇದೆ."

ಸೂರ್ಯ ಗುಡ್ಡದ ಮೇಲೆ ಒಂದು ಗೇಣು ಎತ್ತರದಲ್ಲಿದ್ದ. ಕಾಡಿನ ಅಂಚಿನಿಂದ ಐದು ಕಡವೆಗಳು, ಎಲ್ಲ ಹೆಣ್ಣು, ಒಂದರ ಹಿಂದೊಂದು ಇಳಿದು ಗುಂಡಿಗಳ ಬಳಿ ಬಂದವು. ನನ್ನದು ಕರುಗಳ ಗುಂಡಿಯ ಪಕ್ಕದಲ್ಲಿ ನಿಂತಿತ್ತು. ಅವುಗಳನ್ನು ಕಂಡು ಕತ್ತು ಮುಂದೆ ಚಾಚಿ ಒಂದು ಹೆಜ್ಜೆ ಇಟ್ಟಿತು.

ಟಣ್.

ಐದೂ ಬಾಲ ಎತ್ತಿ ನಿಂತವು. ಅದು ಇನ್ನೊಂದು ಹೆಜ್ಜೆ ಇಟ್ಟಿತು. ಟಣ್. ಕಣ್ಣುಮುಚ್ಚಿ ತೆರೆಯುವುದರೊಳಗೆ ದಂಡೆ ಖಾಲಿ. ನನ್ನದು ಅವುಗಳ ಹಿಂದೆ ಓಡಿತು. ಓಡಿದಷ್ಟೂ ಗಂಟೆ ಬಾರಿಸಿತು, ಗಂಟೆ ಬಾರಿಸಿದಷ್ಟೂ ಅವು ಓಡಿದವು. ಬಹಳ ಹೊತ್ತಿನ ಮೇಲೆ ತಲೆ ಇಳಿಬಿಟ್ಟುಕೊಂಡು ಬಂದು ಕರುಗಳ ಗುಂಡಿಯ ಹತ್ತಿರವೇ ನಿಂತುಕೊಂಡಿತು. ನೀರು ಮುಟ್ಟಲಿಲ್ಲ.

"ಅದುಗ ಹೊಟ್ಟೆ ಸರಿ ಇದೆ," ಎಂದ ಹೆತ್ತಪ್ಪ.

ನಾನು ಅದರ ಕೊರಳನ್ನೇ ನೋಡುತ್ತಿದ್ದೆ.

"ಒಂಟಿ ಕಡವೆ ಸಿಕ್ಕರೆ ಸೀಳುನಾಯಿ ಬಿಡುವದಿಲ್ಲೆ ಕೂಸೇ. ಅದರ ತಾಯಿಯ ನೋಡಿದೆನಲ್ಲ, ಒಂಟಿಯಾಗಿ ಇತ್ತು. ಹಿಂಡು ಅಂದರೆ ಹತ್ತು ಕಿವಿ. ನಿನ್ನದುಗ ಎರಡೇ ಕಿವಿ, ಅದರ ಕೆಳಗ ಒಂದು ಗಂಟೆ."

"ಗಂಟೆ ಬಿಚ್ಚಿದರೆ ದೊರೆ ತುಪಾಕಿಯಲ್ಲಿ ಸುಡುತ್ತ."

"ಸುಟ್ಟರೂ ಸುಡಬಹುದು."

"ಬಿಚ್ಚದಿದ್ದರೆ?"

"ನೀ ದೊಡ್ಡವಳಾಗಿ ಹೋದ ಮೇಲೂ ಇಲ್ಲೇ ನಿಂತಿರುತ್ತ. ನಾಯಿ ಬರುವ ತನಕ."

ಇಷ್ಟು ವರ್ಷಗಳಲ್ಲಿ ನನಗೆ ಬಂದ ಚಿಂತೆಗಳಲ್ಲಿ ಬಹುಪಾಲು ಒಂದು ಕಡೆಯಿಂದ ಬಂದವು. ಇನ್ನೊಂದು ಕಡೆಗೆ ತಪ್ಪಿಸಿಕೊಂಡು ಓಡಬಹುದು. ಇದು ಎರಡೂ ಕಡೆಯಿಂದ ಬಂದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬರೆಯಬಹುದಿತ್ತು. ಚಿಂತೆ ಮಾಡಿ ಸುಸ್ತಾಗಿ ಚೆನ್ನಾಗಿಯೇ ನಿದ್ದೆ ಮಾಡಿದೆ.

ಬೆಳಗಾಗುವಷ್ಟರಲ್ಲಿ ಉಪಾಯ ಹೊಳೆದಿತ್ತು. ಗಂಟೆಯೊಳಗೆ ಹಳೆಯ ಬಟ್ಟೆ ತುರುಕಿದೆ. ಗಂಟೆ ಕಾಣಿಸುತ್ತದೆ, ದೊರೆ ಸುಡುವುದಿಲ್ಲ. ಕೇಳಿಸುವುದಿಲ್ಲ, ಹಿಂಡು ಓಡುವುದಿಲ್ಲ. ಇದನ್ನು ಹೆತ್ತಪ್ಪನಿಗೆ ವಿವರಿಸುವಾಗ ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ. ಅವನು ಕೇಳಿ, "ದೊರೆ ಹತ್ತಿರ ಬಂದು ನೋಡಿ ಸುಡುತ್ತಾ?" ಎಂದ. ಅದರಾಚೆಗೆ ತಡೆಯಲಿಲ್ಲ.

ಗುಂಡಿಗಳಲ್ಲಿ ಇನ್ನೂ ನೀರಿತ್ತು. ಆ ಸಂಜೆ ಹಿಂಡು ಮತ್ತೆ ಬಂತು, ಮೊದಲಿಗಿಂತ ಹೆದರಿ ಹೆದರಿ. ಸದ್ದಿಲ್ಲ. ನನ್ನದು ಹತ್ತಿರ ಹೋಯಿತು. ಇನ್ನೂ ಹತ್ತಿರ ಹೋಯಿತು. ಹಿಂಡಿನಲ್ಲಿ ಹಿರಿಯದು ಮೂಗು ಚಾಚಿ ಅದರ ಮೂಗನ್ನು ಮೂಸಿತು. ನಾನು ಹೆತ್ತಪ್ಪನ ಕಂಬಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ನನ್ನದು, ಅಭ್ಯಾಸದಂತೆ, ಕರುಗಳ ಗುಂಡಿಗೆ ಕತ್ತು ಬಗ್ಗಿಸಿತು. ಗಂಟೆ ನೀರಿನಲ್ಲಿ ಮುಳುಗಿತು. ಬಟ್ಟೆ ನೆನೆದು ಭಾರವಾಗಿ, ಕತ್ತು ಎತ್ತುವಾಗ ಜಾರಿ ಬಿತ್ತು. ಆಮೇಲೆ ಬಂದ ಸದ್ದು, ಒಂದು ಇಡೀ ದಿನ ಬಾಯಿ ಕಟ್ಟಿಕೊಂಡಿದ್ದ ಗಂಟೆಯ ಸದ್ದು, ಎದುರಿನ ಗುಡ್ಡಕ್ಕೂ ಕೇಳಿರಬೇಕು.

ಹಿಂಡು ಹೋಯಿತು. ಹೆತ್ತಪ್ಪ ನಗಲಿಲ್ಲ. ಅವನು ನಕ್ಕಿದ್ದರೆ ನಾನು ಅವನ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಮೂರನೇ ಸಂಜೆ ನಾನೊಬ್ಬಳೇ ಹಳ್ಳಕ್ಕೆ ಇಳಿದೆ. ಹೆತ್ತಪ್ಪ ದಿಬ್ಬದ ಮೇಲೇ ಕೂತಿದ್ದ. ಗುಂಡಿಗಳ ತಳದಲ್ಲಿ ಕೊನೆಯ ಬೊಗಸೆ ನೀರು ಉಳಿದಿತ್ತು. ನಾಳೆಗೆ ಅದೂ ಇರುವುದಿಲ್ಲ, ಹಿಂಡು ಬರುವುದಿಲ್ಲ. ನನ್ನ ಮುಷ್ಟಿಯಲ್ಲಿ ಅಡುಗೆಮನೆಯಿಂದ ಕದ್ದ ಉಪ್ಪಿನ ಹರಳು. ಅದು ಬಂದು ನನ್ನ ಅಂಗೈ ನೆಕ್ಕಿತು. ಅದರ ನಾಲಗೆ ಒರಟಾಗಿರುತ್ತದೆ, ಬಿಸಿಯಾಗಿರುತ್ತದೆ, ಬೆರಳುಗಳ ಸಂದಿಯನ್ನೂ ಬಿಡುವುದಿಲ್ಲ. ಒಂದು ಕೈ ಅದಕ್ಕೆ ಕೊಟ್ಟು ಇನ್ನೊಂದು ಕೈಯಿಂದ ಹುರಿಯ ಗಂಟು ಬಿಚ್ಚಲು ನೋಡಿದೆ. ಬರಲಿಲ್ಲ. ಬಿಚ್ಚಿ ಹೋಗಬಾರದೆಂದು ನಾನೇ ಒಂದರ ಮೇಲೊಂದು ಏಳು ಗಂಟು ಹಾಕಿದ್ದೆ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಬಾಯಲ್ಲೆಲ್ಲ ಕೂದಲು, ಉಪ್ಪು, ಅದರ ಮೈಯ ವಾಸನೆ. ಅದು ಒಮ್ಮೆಯೂ ಕೊಸರಲಿಲ್ಲ. ನಾನು ಏನೋ ಹೊಸ ಆಟ ಕಲಿಸುತ್ತಿದ್ದೇನೆಂದು ತಿಳಿದಿರಬೇಕು.

ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡು, ಸದ್ದಾಗದಂತೆ, ಹಿಮ್ಮುಖವಾಗಿ ದಿಬ್ಬ ಹತ್ತಿದೆ.

ಹಿಂಡು ಇಳಿಯಿತು. ಹಿರಿಯದು ಮತ್ತೆ ಬಂದು ಮೂಸಿತು, ಈ ಸಲ ಕೊರಳಿನ ಕೂದಲುದುರಿದ ಜಾಗವನ್ನು. ಅಲ್ಲೇ ಬಹಳ ಹೊತ್ತು ಮೂಸಿತು. ಆಮೇಲೆ ಎಲ್ಲವೂ ನೀರು ಕುಡಿದವು. ಕತ್ತಲಾಗುವ ಮುಂಚೆ ಅವು ತಿರುಗಿ ಹೊರಟಾಗ ನಾನು ಎಣಿಸಿದೆ. ಮತ್ತೆ ಎಣಿಸಿದೆ. ಆರು.

ಆಮೇಲಿನದು ಸದ್ದಿಲ್ಲದ ವರ್ಷ. ಅದು ಹಿಂದಿರುಗಲಿಲ್ಲ. ನಾನು ಸಾಮೆ ಕೇರುತ್ತ ಕಿವಿಗೊಟ್ಟು ಕೂತರೆ ಕೇರುವ ಸದ್ದು ಮಾತ್ರ ಕೇಳುತ್ತಿತ್ತು. ಗಂಟೆ ಮುಂದಾಳು ಎಮ್ಮೆಯ ಮಗಳ ಕೊರಳಿಗೆ ಹೋಗಿತ್ತು. ಅದು ಟಣ್ ಎಂದಾಗಲೆಲ್ಲ ನಾನು ಎದ್ದು ನಿಂತು, ಮತ್ತೆ ಕೂತುಕೊಳ್ಳುತ್ತಿದ್ದೆ. ಚಳಿಗಾಲದಲ್ಲಿ ತುಪಾಕಿಯ ಸದ್ದು ಕೇಳಿತು. ಒಂದೊಂದು ಸದ್ದಿಗೂ ಕೈಯಲ್ಲಿದ್ದದ್ದನ್ನು ಬೀಳಿಸುತ್ತಿದ್ದೆನಾಗಿ ಅವ್ವೆ ನನಗೆ ಮಡಕೆ ಮುಟ್ಟಲು ಬಿಡಲಿಲ್ಲ. ಜಾಡುಗಾರ ಬಂದು ಜಗುಲಿಯಲ್ಲಿ ಕೂತಾಗ ನಾನು ಬಾಗಿಲ ಹಿಂದೆ ನಿಂತು ಅವನ ಮುಖವನ್ನೇ ನೋಡುತ್ತಿದ್ದೆ, ಏನಾದರೂ ಬರೆದಿದೆಯೋ ಎಂದು. ಅವನು ಮಜ್ಜಿಗೆಗೆ ಉಪ್ಪು ಹೆಚ್ಚಾಯಿತೆಂದು ಹೇಳಿ ಹೋದ. ಮಾಮಿ ಕೂಡ ಒಂದು ದಿನ ತನ್ನ ಹೊಲದ ಅಂಚಿನಲ್ಲಿ ನಿಂತು, "ನಿನ್ನ ಮಗಳು ಈಚೆಗೆ ಬರುವದೇ ಇಲ್ಲೆ," ಎಂದಳು. ಬೈಯುವ ದನಿಯಲ್ಲೇ ಹೇಳಿದಳು. ಆಮೇಲೆ ಬೇಲಿಯ ಒಳಗಿನ ಮೂಲೆಯಲ್ಲಿ ಒಂದು ಸಾಲು ಗಿಡವನ್ನು ಅಗೆಯದೆ ಹಾಗೇ ಬಿಟ್ಟಿದ್ದಳೆಂದು ಅವ್ವೆ ಹೇಳಿದಳು.

ಮೂರನೇ ಉಪ್ಪಿನ ಹಬ್ಬದ ಮರುದಿನ ನಸುಕಿನಲ್ಲಿ ಹೆತ್ತಪ್ಪ ನನ್ನನ್ನು ಎಬ್ಬಿಸಿದ. ಮುಂದಿನ ತಿಂಗಳು ನನ್ನನ್ನು ಊಟಿಯ ಮಿಷನ್ ಶಾಲೆಗೆ ಸೇರಿಸುವುದೆಂದು ಅಪ್ಪ ನಿಶ್ಚಯಿಸಿದ್ದ. ಅಲ್ಲಿ ಹಾಸಿಗೆ ಹೇಗಿರುತ್ತದೆ, ಬೆಂಕಿ ಬಿದ್ದರೆ ಯಾವ ಬಾಗಿಲು, ನನಗೆ ಕನ್ನಡದ ಅಕ್ಷರ ಬಾರದಿದ್ದರೆ ಏನು ಮಾಡುತ್ತಾರೆ ಎಂಬುದನ್ನೆಲ್ಲ ನಾನು ಆಗಲೇ ಒಂದೊಂದಾಗಿ ಚಿಂತಿಸಿ ಮುಗಿಸುತ್ತಿದ್ದೆ. ಹೆತ್ತಪ್ಪ ದೊಡ್ಡಿಯ ತಡಿಕೆ ತೆಗೆದು ಎಮ್ಮೆಗಳನ್ನು ಹೊರಗೆ ಬಿಟ್ಟ. ಇಷ್ಟು ಬೇಗ ಎಂದೂ ಬಿಡುತ್ತಿರಲಿಲ್ಲ. ಅವುಗಳನ್ನು ದಿಬ್ಬದ ಮೇಲೆ ನಿಲ್ಲಿಸಿ, ನನ್ನನ್ನು ಮಾತ್ರ ಕರೆದುಕೊಂಡು ಹಳ್ಳಕ್ಕೆ ಇಳಿದ.

ದೊಡ್ಡ ಗುಂಡಿಗಳ ಸುತ್ತ ಕೆಸರಿನಲ್ಲಿ ಕಡವೆಗಳ ಗೊರಸು. ಒಂದರ ಮೇಲೊಂದು, ತಳ್ಳಾಡಿದ, ಜಾರಿದ ಗೊರಸುಗಳು. ಎಲ್ಲವೂ ಅಲ್ಲೇ ಕುಡಿದಿದ್ದವು. ಬಂಡೆಯ ಮರೆಯ ಕರುಗಳ ಗುಂಡಿಯನ್ನು ಕಾಡಿನ ಕಡವೆ ಯಾಕೆ ನೋಡೀತು? ಅಲ್ಲಿ ನೀರೂ ಕಡಿಮೆ, ಜಾಗವೂ ಇಕ್ಕಟ್ಟು.

ಹೆತ್ತಪ್ಪ ಬಂಡೆಯ ಹಿಂದಕ್ಕೆ ಹೋಗಿ, ಬೆರಳಿನಿಂದ ತೋರಿಸಿದ.

ಕರುಗಳ ಗುಂಡಿಯ ಮುಂದೆ, ಎಮ್ಮೆಗರುಗಳ ಸಣ್ಣ ಹೆಜ್ಜೆಗಳ ನಡುವೆ, ಪೂರ್ತಿ ಬೆಳೆದ ಕಡವೆಯ ಎರಡು ಮುಂಗಾಲಿನ ಗುರುತು. ಆಳವಾಗಿ ಊರಿದ್ದವು. ಅಗಲಿಸಿ ಊರಿದ್ದವು, ತನಗೆ ಈಗ ತೀರ ತಗ್ಗಾದ ಗುಂಡಿಗೆ ಬಾಯಿ ಎಟುಕಿಸಲು ಎಷ್ಟು ಅಗಲಿಸಬೇಕೋ ಅಷ್ಟು. ನಾನು ಕೂತು ನನ್ನ ಅಂಗೈಯನ್ನು ಒಂದು ಗುರುತಿನ ಮೇಲೆ ಇಟ್ಟೆ. ನೀರು ಒಸರಿ ತಣ್ಣಗಿತ್ತು.

"ನೋಡಿದೆಯಾ?"

"ನೋಡಿದೆ."

"ಸರಿಯಾಗಿ ನೋಡಿದೆಯಾ?"

"ನಾಲ್ಕು ಸಲ ನೋಡಿದೆ ಹೆತ್ತಪ್ಪ."

"ಹಂಗಾದರೆ ಏಳು. ಜಾಡಿನವ ಇವತ್ತು ಈ ದಾರಿಯಾಗಿ ಬರುತ್ತ."

ಅವನು ದಿಬ್ಬದ ಕಡೆ ತಿರುಗಿ ಎಮ್ಮೆಗಳನ್ನು ಕೂಗಿದ. ಅವನು ಏನು ಮಾಡಲಿದ್ದಾನೆಂದು ನನಗೆ ತಿಳಿಯಿತು. ಒಂದು ಹೆಜ್ಜೆಗುರುತನ್ನಾದರೂ ಉಳಿಸು, ಬಂಡೆಯ ಮರೆಯಲ್ಲಿ ಯಾರು ನೋಡುತ್ತಾರೆ, ಒಂದನ್ನೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಲಿಲ್ಲ. ನನ್ನ ಇಡೀ ಬದುಕಿನಲ್ಲಿ ನಾನು ಕೇಳದೆ ಬಿಟ್ಟದ್ದು ಬಹಳ ಕಡಿಮೆ, ಇದು ಅವುಗಳಲ್ಲಿ ಒಂದು.

ಎಮ್ಮೆಗಳು ಮುಂದಾಳಿನ ಗಂಟೆಯ ಹಿಂದೆ ಇಳಿದು ಬಂದವು. ಹೆತ್ತಪ್ಪ ಅವುಗಳನ್ನು ದೊಡ್ಡ ಗುಂಡಿಗಳ ಸುತ್ತ ಎರಡು ಸಲ ತಿರುಗಿಸಿದ. ಕರುಗಳ ಗುಂಡಿಯ ಹತ್ತಿರ ದೊಡ್ಡ ಎಮ್ಮೆಗಳಿಗೆ ಜಾಗವಿರಲಿಲ್ಲ. ಅವನು ಕೋಲನ್ನು ನನ್ನ ಕೈಗೆ ಕೊಟ್ಟ. ನಾನು ಕರುಗಳನ್ನು ಬಂಡೆಯ ಹಿಂದಕ್ಕೆ ಹೊಡೆದುಕೊಂಡು ಹೋದೆ, ಅವು ತಳ್ಳಾಡಿ ಕೆಸರನ್ನು ಚೆನ್ನಾಗಿ ಕಲಸುವ ತನಕ ಅಲ್ಲೇ ನಿಂತಿದ್ದೆ.